ಐದು ನದಿ, ಐದು ದಿನ: ಭಟ್ಕಳದಿಂದ ಕಾರವಾರದವರೆಗಿನ ಕಡಲದಾರಿಗೆ ಸಿದ್ಧತೆ

ಭಟ್ಕಳದಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸುಮಾರು 130 ಕಿಲೋಮೀಟರ್. ಚತುಷ್ಪಥ ರಸ್ತೆಯಲ್ಲಿ ಎಲ್ಲೂ ನಿಲ್ಲದೆ ಹೋದರೆ ಎರಡೂವರೆ ಮೂರು ಗಂಟೆಯಲ್ಲಿ ಮುಗಿಯುವ ದಾರಿ. ಆದರೆ ಹಾಗೆ ಮುಗಿಸಿದವರು ಕಡಲನ್ನೇ ನೋಡಿರುವುದಿಲ್ಲ. ಏಕೆಂದರೆ ಈ ಹೆದ್ದಾರಿ ಬಹುಪಾಲು ಗುಡ್ಡದ ಬುಡ, ತೋಟ, ಗದ್ದೆ ಮತ್ತು ಪೇಟೆಗಳ ನಡುವೆ ಸಾಗುತ್ತದೆ. ಕಡಲು, ಅಳಿವೆ, ಉಪ್ಪಿನಗದ್ದೆ, ಮೀನುಗಾರರ ಕೇರಿ ಎಲ್ಲವೂ ಹೆದ್ದಾರಿಯಿಂದ ಪಶ್ಚಿಮಕ್ಕೆ ಒಡೆಯುವ ಅಡ್ಡದಾರಿಗಳ ತುದಿಯಲ್ಲಿವೆ. ಆದ್ದರಿಂದ ಈ ಪ್ರಯಾಣವನ್ನು ಕಿಲೋಮೀಟರಿನ ಲೆಕ್ಕದಲ್ಲಿ ಯೋಜಿಸದೆ ನದಿಗಳ ಲೆಕ್ಕದಲ್ಲಿ ಯೋಜಿಸಬೇಕು ಎಂಬುದು ಶಿರಸಿಯಿಂದ ವರ್ಷಕ್ಕೆರಡು ಸಲವಾದರೂ ಘಟ್ಟ ಇಳಿಯುವ ನಾನು ಕಂಡುಕೊಂಡ ಮಾತು. ದಕ್ಷಿಣದಿಂದ ಉತ್ತರಕ್ಕೆ ವೆಂಕಟಾಪುರ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂಬ ಐದು ನದಿಗಳು ಈ ತೀರವನ್ನು ಸೀಳಿಕೊಂಡು ಕಡಲು ಸೇರುತ್ತವೆ. ನದಿಗೊಂದು ದಿನ ಕೊಟ್ಟರೆ ಪ್ರಯಾಣಕ್ಕೆ ತಕ್ಕ ಹದ ಸಿಗುತ್ತದೆ.

ಮೊದಲು ತಿಂಗಳನ್ನು ಆರಿಸಿ

ಎಲ್ಲಿ ಉಳಿಯಬೇಕು, ಏನು ತಿನ್ನಬೇಕು ಎಂಬುದೆಲ್ಲ ಯಾವಾಗ ಹೊರಡುತ್ತೀರಿ ಎಂಬುದನ್ನು ಅವಲಂಬಿಸಿದೆ. ಹವೆಯ ದೃಷ್ಟಿಯಿಂದ ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಉತ್ತಮ. ಆಗ ಕಡಲು ಶಾಂತವಾಗಿರುತ್ತದೆ, ಬೆಳಗಿನ ಹೊತ್ತು ತಂಪಿರುತ್ತದೆ, ದೋಣಿಗಳು ನಡೆಯುತ್ತವೆ. ಆದರೆ ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ವಾರ ಮತ್ತು ಶಿವರಾತ್ರಿಯ ಆಸುಪಾಸಿನಲ್ಲಿ ಗೋಕರ್ಣ, ಮುರುಡೇಶ್ವರಗಳಲ್ಲಿ ಕೋಣೆ ಸಿಗುವುದು ಕಷ್ಟ, ವಾಹನ ನಿಲ್ಲಿಸುವುದು ಇನ್ನೂ ಕಷ್ಟ. ಶಿರಸಿಯ ಮೂಲಕ ಬರುವವರು ಎರಡು ವರ್ಷಕ್ಕೊಮ್ಮೆ ಬೇಸಿಗೆಯ ಆರಂಭದಲ್ಲಿ ನಡೆಯುವ ಮಾರಿಕಾಂಬಾ ಜಾತ್ರೆಯ ದಿನಗಳನ್ನೂ ಗಮನದಲ್ಲಿಟ್ಟುಕೊಳ್ಳಬೇಕು.

ಏಪ್ರಿಲ್, ಮೇ ತಿಂಗಳುಗಳನ್ನು ಸೆಕೆಯ ಕಾರಣಕ್ಕೆ ಹಲವರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅದು ಪೂರ್ತಿ ಸರಿಯಲ್ಲ. 2023ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಅಂಕೋಲೆಯ ಕರಿ ಇಶಾಡ ಮಾವು ಸಿಗುವುದು ಬೇಸಿಗೆಯಲ್ಲೇ. ತೆಳು ಸಿಪ್ಪೆ, ನಾರಿಲ್ಲದ ತಿರುಳು, ಬೇಗ ಕೆಡುವ ಸ್ವಭಾವದ ಈ ಹಣ್ಣು ದೂರದ ಪೇಟೆಗೆ ಹೋಗುವುದು ಕಡಿಮೆಯಾದ್ದರಿಂದ ಇಲ್ಲಿಗೆ ಬಂದೇ ತಿನ್ನಬೇಕು. ಮುರುಗಲು (ಕೋಕಮ್) ಹಣ್ಣಾಗುವುದೂ ಆಗಲೇ. ಬೇಸಿಗೆಯಲ್ಲಿ ಬರುವವರು ಬೆಳಿಗ್ಗೆ ಆರರಿಂದ ಹತ್ತು ಮತ್ತು ಸಂಜೆ ನಾಲ್ಕೂವರೆಯ ನಂತರದ ಹೊತ್ತನ್ನು ಮಾತ್ರ ತಿರುಗಾಟಕ್ಕೆ ಇಟ್ಟುಕೊಂಡು ನಡುಮಧ್ಯಾಹ್ನ ನೆರಳಿನಲ್ಲಿ ಕಳೆಯುವಂತೆ ಯೋಜಿಸಬೇಕು.

ಮಳೆಗಾಲದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ತೀರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವಿನದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ರಸ್ತೆಬದಿಯ ಚಹಾದಂಗಡಿ ಮತ್ತು ನಿಂತಿದ್ದ ವಾಹನಗಳ ಸಮೇತ ಮಣ್ಣು ಗಂಗಾವಳಿ ನದಿಗೆ ಬಿದ್ದಿತು, ಜನ ಪ್ರಾಣ ಕಳೆದುಕೊಂಡರು. ಅದಾದ ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಹೆದರಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಜಿಲ್ಲಾಡಳಿತ ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ ಇದ್ದ ಊರಿನಲ್ಲೇ ಉಳಿಯಬೇಕು, ಕಡಿದಾಗಿ ಕೊರೆದ ಗುಡ್ಡದ ಬುಡದಲ್ಲಿ ಚಹಾಕ್ಕೆಂದೋ ಫೋಟೊಕ್ಕೆಂದೋ ಗಾಡಿ ನಿಲ್ಲಿಸಬಾರದು, ಮಳೆಗಾಲದ ಪ್ರಯಾಣಕ್ಕೆ ಎರಡು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳಬೇಕು ಎಂದಷ್ಟೇ ನನ್ನ ಕಳಕಳಿ. ಒಂದು ಗೊಂದಲವನ್ನೂ ಇಲ್ಲೇ ನಿವಾರಿಸುತ್ತೇನೆ. ಭಟ್ಕಳದ ದಕ್ಷಿಣಕ್ಕೆ ಉಡುಪಿ ಜಿಲ್ಲೆಯ ಗಡಿಯಲ್ಲಿ ಇನ್ನೊಂದು ಶಿರೂರು ಇದೆ. ಸುದ್ದಿ ಕೇಳುವಾಗ ಯಾವ ಶಿರೂರು ಎಂದು ವಿಚಾರಿಸಿಕೊಳ್ಳಿ.

ಯಾವ ದಿಕ್ಕಿಗೆ ಸಾಗಬೇಕು

ಹೆಚ್ಚಿನವರು ಕಾರವಾರದಿಂದ ಆರಂಭಿಸಿ ದಕ್ಷಿಣಕ್ಕೆ ಇಳಿಯುತ್ತಾರೆ. ನಾನು ಭಟ್ಕಳದಿಂದ ಆರಂಭಿಸಿ ಉತ್ತರಕ್ಕೆ ಏರಿ ಎನ್ನುತ್ತೇನೆ, ಕಾರಣ ಬಹಳ ಸರಳ. ನಾವು ರಸ್ತೆಯ ಎಡಬದಿಯಲ್ಲಿ ಚಲಿಸುವವರು. ಉತ್ತರಕ್ಕೆ ಹೋಗುವಾಗ ಕಡಲು ಎಡಕ್ಕಿರುತ್ತದೆ, ಕಡಲಿನ ಕಡೆಗಿನ ಪ್ರತಿಯೊಂದು ಅಡ್ಡದಾರಿಯೂ ಎಡ ತಿರುವಾಗುತ್ತದೆ. ದಕ್ಷಿಣಕ್ಕೆ ಹೋಗುವವರು ಪ್ರತಿ ಸಲವೂ ರಸ್ತೆ ವಿಭಜಕದಲ್ಲಿ ತೆರಪು ಹುಡುಕಿ, ಎದುರಿನಿಂದ ವೇಗವಾಗಿ ಬರುವ ಲಾರಿಗಳ ಸಾಲನ್ನು ದಾಟಬೇಕು. ದಿನಕ್ಕೆ ನಾಲ್ಕೈದು ಬಾರಿ ಹೆದ್ದಾರಿ ಬಿಟ್ಟು ಇಳಿಯುವ ಪ್ರಯಾಣದಲ್ಲಿ ಇದು ಸಣ್ಣ ವಿಷಯವಲ್ಲ.

ಶಿರಸಿ ಕಡೆಯಿಂದ ಬರುವವರು ಸಿದ್ದಾಪುರ, ಮಾವಿನಗುಂಡಿ ದಾಟಿ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ ತಲುಪಿ, ಅಲ್ಲಿಂದ ಮೊದಲು ದಕ್ಷಿಣಕ್ಕೆ ಭಟ್ಕಳಕ್ಕೆ ಹೋಗಬಹುದು. ಬೆಂಗಳೂರಿನಿಂದ ಸಾಗರದ ಮೂಲಕ ಬರುವವರಿಗೂ ಇದೇ ಘಟ್ಟ. ಮರಳುವಾಗ ಕಾರವಾರದಿಂದ ಅಂಕೋಲೆಗೆ ಬಂದು ಅರಬೈಲು ಘಟ್ಟ ಹತ್ತಿ ಯಲ್ಲಾಪುರ ಸೇರಿದರೆ, ಹೋದ ದಾರಿಯಲ್ಲೇ ತಿರುಗಿ ಬರಬೇಕಾದ ಬೇಸರ ತಪ್ಪುತ್ತದೆ. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ ಎಲ್ಲಕ್ಕಿಂತ ಹತ್ತಿರದ ದಾರಿಯಾದರೂ ರಸ್ತೆ ಅಗಲೀಕರಣದ ಕಾಮಗಾರಿಗಾಗಿ ಆಗಾಗ ಸಂಚಾರ ನಿರ್ಬಂಧಿಸಿರುವುದುಂಟು. ಹೊರಡುವ ಹಿಂದಿನ ದಿನ ಶಿರಸಿಯ ಬಸ್ ನಿಲ್ದಾಣದಲ್ಲಿ ಕೇಳಿದರೆ ಖಚಿತ ಉತ್ತರ ಸಿಗುತ್ತದೆ. ಫೋನಿನ ನಕ್ಷೆಗಿಂತ ಆ ದಾರಿಯಲ್ಲಿ ದಿನವೂ ಓಡಾಡುವ ಚಾಲಕರ ಮಾತು ನಂಬಿಕೆಗೆ ಯೋಗ್ಯ.

ಭರತ–ಇಳಿತದ ಲೆಕ್ಕ

ಪ್ರವಾಸದ ಪಟ್ಟಿ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಹೆಜ್ಜೆ ಇದು. ನಾನು ಇದಕ್ಕೇ ಹೆಚ್ಚಿನ ಬೆಲೆ ಕೊಡುತ್ತೇನೆ. ಇಲ್ಲಿಯ ಕಡಲಿಗೆ ದಿನಕ್ಕೆರಡು ಭರತ, ಎರಡು ಇಳಿತ. ಒಂದರಿಂದ ಮತ್ತೊಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಅಂತರವಿರುವುದರಿಂದ ಅದರ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸಮಯದಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಈ ವ್ಯತ್ಯಾಸ ಕಡಿಮೆ. ಕಾರವಾರ ಬಂದರಿನ ಭರತ–ಇಳಿತದ ವೇಳಾಪಟ್ಟಿ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ನಿಮ್ಮ ಐದು ದಿನಗಳ ವೇಳೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇದರಿಂದ ಏನು ಪ್ರಯೋಜನವೆಂದರೆ, ಒಂದೇ ಸ್ಥಳ ಈ ಎರಡು ಹೊತ್ತಿನಲ್ಲಿ ಎರಡು ಬೇರೆ ಸ್ಥಳಗಳಂತೆ ಕಾಣುತ್ತದೆ. ಹೊನ್ನಾವರದ ಶರಾವತಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಾಕಿರುವ ಮರದ ಹಲಗೆಯ ದಾರಿಯಲ್ಲಿ ಭರತದ ಹೊತ್ತಿಗೆ ನಡೆದರೆ ಮರಗಳು ನೀರಿನಲ್ಲಿ ತೇಲುವಂತೆ ತೋರುತ್ತವೆ. ಇಳಿತದಲ್ಲಿ ಹೋದರೆ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳೂ ಅವುಗಳ ನಡುವೆ ಓಡಾಡುವ ಏಡಿಗಳೂ ಕಾಣುತ್ತವೆ. ದೋಣಿ ಹತ್ತುವವರಿಗೆ ಭರತ ಅನುಕೂಲ, ಜೀವಜಾಲ ನೋಡುವವರಿಗೆ ಇಳಿತ.

ಅಘನಾಶಿನಿಯ ಅಳಿವೆಯನ್ನಂತೂ ಇಳಿತದಲ್ಲೇ ನೋಡಬೇಕು. ಮುಖ್ಯ ಹರಿವಿಗೆ ಎಲ್ಲೂ ಅಣೆಕಟ್ಟಿನ ತಡೆಯಿಲ್ಲದೆ ಶಿರಸಿಯ ಕಡೆಯಿಂದ ಕಡಲಿನವರೆಗೆ ಸಾಗಿಬರುವ ಈ ನದಿಯ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ನೀರು ಇಳಿದಾಗ ದಂಡೆಯ ಊರಿನವರು ಸೊಂಟಕ್ಕೆ ಬುಟ್ಟಿ ಅಥವಾ ಚೀಲ ಕಟ್ಟಿಕೊಂಡು ನದಿಗಿಳಿಯುತ್ತಾರೆ. ಒಮ್ಮೆ ಹತ್ತಿರ ನಿಂತು ನೋಡುತ್ತಿದ್ದಾಗ ವಯಸ್ಸಾದ ಒಬ್ಬ ಹೆಂಗಸು ನೀರಿನೊಳಗೆ ನಿಧಾನವಾಗಿ ಪಾದ ಎಳೆದುಕೊಂಡು ಸಾಗುತ್ತಿದ್ದರು. ಮರಳಿನಲ್ಲಿ ಚಿಪ್ಪು ಕಾಲಿಗೆ ತಾಗಿದ ಕ್ಷಣ ನಿಂತು, ಬಾಗಿ, ಕೈತುಂಬ ಬಳಚು ತೆಗೆದು, ಸಣ್ಣವನ್ನು ಮತ್ತೆ ನೀರಿಗೇ ಬಿಟ್ಟು, ದೊಡ್ಡವನ್ನು ಬುಟ್ಟಿಗೆ ಹಾಕುತ್ತಿದ್ದರು. ಕಣ್ಣು ಒಮ್ಮೆಯೂ ನೀರಿನ ಕಡೆ ಇರಲಿಲ್ಲ. ಆ ಅಳಿವೆಯ ಬದುಕನ್ನು ಅರಿಯಲು ಆ ಅರ್ಧ ಗಂಟೆ ನನಗೆ ಸಾಕಾಯಿತು. ಆ ದಿನ ಭರತದ ಹೊತ್ತಿಗೆ ಹೋಗಿದ್ದರೆ ಬರೀ ಅಗಲವಾದ ನೀರು ಕಾಣುತ್ತಿತ್ತು.

ದಿನಗಳ ಹಂಚಿಕೆ

ಮೊದಲ ದಿನವನ್ನು ವೆಂಕಟಾಪುರ ನದಿಯ ಸೀಮೆಗೆ, ಅಂದರೆ ಭಟ್ಕಳ ಮತ್ತು ಮುರುಡೇಶ್ವರಕ್ಕೆ ಕೊಡಿ. ಇವೆರಡರ ನಡುವಿನ ಅಂತರ ಸುಮಾರು 15 ಕಿಲೋಮೀಟರ್ ಮಾತ್ರ. ಭಟ್ಕಳದಲ್ಲಿ ಕಲ್ಲಿನ ಕೆತ್ತನೆಗೆ ಹೆಸರಾದ ಕೇತಪೈ ನಾರಾಯಣ ದೇವಾಲಯವನ್ನು ಬೆಳಿಗ್ಗೆ ನೋಡಿ. ಗೋಡೆಯ ಮೇಲಿನ ಸಾಲುಶಿಲ್ಪಗಳನ್ನು ಬಗ್ಗಿ ನೋಡಲು ಸಮಯ ಬೇಕು. ಮಧ್ಯಾಹ್ನ ಇಲ್ಲಿನ ಮುಸ್ಲಿಂ ಸಮುದಾಯವಾದ ನವಾಯತರ ಶೈಲಿಯ ಭಟ್ಕಳ ಬಿರಿಯಾನಿ ಉಂಡು, ಪೇಟೆಯಲ್ಲಿ ಭಟ್ಕಳ ಮಲ್ಲಿಗೆಯ ದಂಡೆ ಕೊಂಡು ಮುರುಡೇಶ್ವರಕ್ಕೆ ಬನ್ನಿ. 123 ಅಡಿಯ ಶಿವನ ವಿಗ್ರಹವನ್ನು ಎಲ್ಲರೂ ನೋಡುತ್ತಾರೆ. ಆ ವಿಗ್ರಹವನ್ನೂ ಕಡಲನ್ನೂ ಒಟ್ಟಿಗೆ ಮೇಲಿನಿಂದ ನೋಡಬೇಕೆಂದರೆ ಇಪ್ಪತ್ತು ಅಂತಸ್ತಿನ ರಾಜಗೋಪುರದ ಲಿಫ್ಟ್ ಹತ್ತಬೇಕು, ಸಂಜೆ ಸಾಲು ಉದ್ದವಾಗುವ ಮೊದಲೇ ಹತ್ತಬೇಕು. ನೇತ್ರಾಣಿ ದ್ವೀಪದಲ್ಲಿ ನೀರಿಗಿಳಿಯುವ ಆಸೆಯಿದ್ದವರು ಇಲ್ಲೇ ಇನ್ನೊಂದು ದಿನ ಸೇರಿಸಿಕೊಳ್ಳಬೇಕಾಗುತ್ತದೆ. ದೋಣಿಯ ಹೋಗಿ ಬರುವಿಕೆಗೇ ಅರ್ಧ ದಿನ ಹಿಡಿಯುತ್ತದೆ, ಮಳೆಗಾಲದಲ್ಲಿ ಅದು ಇರುವುದೂ ಇಲ್ಲ.

ಎರಡನೆಯ ದಿನ ಶರಾವತಿ. ಇಡಗುಂಜಿಯ ಗಣಪತಿಯ ದರ್ಶನ ಬೆಳಿಗ್ಗೆ ಮುಗಿಸಿ, ಅಪ್ಸರಕೊಂಡದ ಗುಡ್ಡದ ಮೇಲಿನಿಂದ ಕಡಲು ನೋಡಿ, ಬಿಸಿಲೇರಿದ ಮೇಲೆ ಹೊನ್ನಾವರ ಸೇರಿ. ಸಂಜೆಗೆ ಕಾಸರಕೋಡಿನ ಕಡಲತೀರ. 2020ರಲ್ಲಿ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಈ ತೀರದಲ್ಲಿ ಸ್ನಾನದ ಕೋಣೆ, ಶೌಚಾಲಯ, ಜೀವರಕ್ಷಕರ ವ್ಯವಸ್ಥೆ ಇರುವುದರಿಂದ ಮಕ್ಕಳನ್ನೂ ಹಿರಿಯರನ್ನೂ ಕರೆತಂದವರು ನೀರಿನ ಹತ್ತಿರ ಹೋಗುವುದಿದ್ದರೆ ಇಲ್ಲೇ ಹೋಗಬೇಕೆಂಬುದು ನನ್ನ ಸಲಹೆ.

ಮೂರನೆಯ ದಿನ ಅಘನಾಶಿನಿಗೆ ಮೀಸಲು, ಇದನ್ನು ಎಚ್ಚರದಿಂದ ಜೋಡಿಸಬೇಕು. ಹೊನ್ನಾವರದಿಂದ 20 ಕಿಲೋಮೀಟರ್ ದೂರದ ಕುಮಟಾ ದಾಟಿ ಮೊದಲು ಮಿರ್ಜಾನ್ ಕೋಟೆಗೆ ಹೋಗಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ, ಕಾಳುಮೆಣಸಿನ ವ್ಯಾಪಾರ ಕಂಡ ಕೆಂಪುಕಲ್ಲಿನ ಕೋಟೆ ಇದು. ಹೆದ್ದಾರಿಗೆ ತಾಗಿದಂತೆಯೇ ಇರುವುದರಿಂದ ಹೆಚ್ಚು ಸಮಯ ಬೇಡ. ಅಲ್ಲಿಂದ ಕುಮಟಾಕ್ಕೆ ಮರಳಿ, ಪಶ್ಚಿಮದ ಒಳರಸ್ತೆ ಹಿಡಿದು ಅಘನಾಶಿನಿ ಊರಿಗೆ ಬಂದರೆ ಎದುರು ದಂಡೆಯಲ್ಲಿ ತದಡಿ ಬಂದರು ಕಾಣುತ್ತದೆ. ನಡುವೆ ಬಾರ್ಜ್ ಓಡಾಡುತ್ತದೆ, ಅದರಲ್ಲಿ ದಾಟಿದರೆ ಗೋಕರ್ಣದ ದಾರಿ. ವಾಹನ ಹತ್ತಿಸಲು ಅವಕಾಶವಿದೆಯೇ, ಆ ದಿನದ ಕೊನೆಯ ಬಾರ್ಜ್ ಎಷ್ಟು ಗಂಟೆಗೆ ಎಂಬುದನ್ನು ಬೆಳಿಗ್ಗೆಯೇ ಕುಮಟಾದಲ್ಲಿ ವಿಚಾರಿಸಿ. ಒಮ್ಮೆ ನಾನು ವಿಚಾರಿಸದೆ ಮುಸ್ಸಂಜೆಗೆ ದಂಡೆ ತಲುಪಿದೆ. ಎದುರಿನ ದೀಪಗಳು ಕೈಗೆಟುಕುವಷ್ಟು ಹತ್ತಿರ ಕಾಣುತ್ತಿದ್ದವು, ಬಾರ್ಜ್ ಮಾತ್ರ ಆಚೆ ದಡದಲ್ಲಿ ಕಟ್ಟಿತ್ತು. ಕುಮಟಾ, ಮಿರ್ಜಾನ್, ಮಾದನಗೇರಿ ಸುತ್ತಿ ಸುಮಾರು 40 ಕಿಲೋಮೀಟರ್ ಕತ್ತಲಲ್ಲಿ ಸಾಗಬೇಕಾಯಿತು. ಯಾಣದ ಕಪ್ಪು ಶಿಲಾಶಿಖರಗಳನ್ನು ಇದೇ ದಿನ ಸೇರಿಸುವ ಮನಸ್ಸು ಹಲವರಿಗೆ ಬರುತ್ತದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ನೋಡಲೇಬೇಕಾದದ್ದೇ. ಆದರೆ ಅದು ಕಡಲಿನಿಂದ ಒಳನಾಡಿನ ಕಾಡಿಗೆ ತಿರುಗುವ ದಾರಿಯಾದ್ದರಿಂದ ಅದಕ್ಕೆ ಪ್ರತ್ಯೇಕ ಅರ್ಧ ದಿನವೇ ಬೇಕು.

ನಾಲ್ಕನೆಯ ದಿನ ಗೋಕರ್ಣದಲ್ಲಿ ಬೆಳಗಾಗಲಿ. ಮಹಾಬಲೇಶ್ವರ ದೇವಾಲಯಕ್ಕೆ ಹೋಗುವ ಗಂಡಸರು ಪಂಚೆಯನ್ನು ಚೀಲದಲ್ಲಿ ಮೊದಲೇ ಇಟ್ಟುಕೊಂಡಿರಬೇಕು. ಓಂ ಮತ್ತು ಕುಡ್ಲೆ ತೀರಗಳಿಗೆ ಬೆಳಗಿನ ಹೊತ್ತು ಒಳ್ಳೆಯದು. ಅಲ್ಲಿಂದ ಹೆದ್ದಾರಿಗೆ ಮರಳುವ ದಾರಿಯಲ್ಲಿ ಸಾಣಿಕಟ್ಟೆ ಸಿಗುತ್ತದೆ. ಬೇಸಿಗೆಯಲ್ಲಾದರೆ ದಯವಿಟ್ಟು ಇಲ್ಲಿ ನಿಲ್ಲಿಸಿ. ಭರತದ ನೀರನ್ನು ಕಾಲುವೆಯಿಂದ ಒಳಗೆ ಬಿಟ್ಟು, ಒಂದು ಮಡಿಯಿಂದ ಇನ್ನೊಂದು ಮಡಿಗೆ ಹಾಯಿಸುತ್ತ, ಬಿಸಿಲಿಗೆ ಗಟ್ಟಿಯಾಗಿಸಿ, ಕೊನೆಯ ಮಡಿಯಲ್ಲಿ ಉದ್ದ ಹಿಡಿಯ ಹಲಗೆಯಿಂದ ಉಪ್ಪನ್ನು ಎಳೆದು ರಾಶಿ ಮಾಡುತ್ತಾರೆ. ಹಲಗೆ ಎಳೆಯುವವರು ಅಡಿಯ ಕೆಸರು ಕದಡದಂತೆ, ಮೇಲಿನ ಹರಳು ಮಾತ್ರ ಬರುವಂತೆ ಕೈಯ ಭಾರ ಹಿಡಿದಿರುತ್ತಾರೆ. ಮಡಿಯ ಬದುಗಳ ಮೇಲೆ ಕೇಳದೆ ನಡೆಯಬಾರದು. ಒಂದು ಚೀಲ ದಪ್ಪ ಉಪ್ಪು ಕೊಂಡು ತನ್ನಿ, ಮಾವಿನಮಿಡಿ ಉಪ್ಪಿನಕಾಯಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. 1930ರ ಉಪ್ಪಿನ ಸತ್ಯಾಗ್ರಹ ಕರ್ನಾಟಕದಲ್ಲಿ ನಡೆದದ್ದು ಸಮೀಪದ ಅಂಕೋಲೆಯಲ್ಲಿ ಎಂಬುದನ್ನು ಉಪ್ಪಿನ ರಾಶಿಯ ಎದುರು ನಿಂತಾಗ ಮಕ್ಕಳಿಗೆ ಹೇಳಿದರೆ ಪಾಠದ ಪುಸ್ತಕಕ್ಕಿಂತ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. ನಂತರ ಗಂಗಾವಳಿ ದಾಟಿ ಅಂಕೋಲೆಯಲ್ಲಿ ರಾತ್ರಿ ಉಳಿಯಬಹುದು, ಇಲ್ಲವೇ ಇನ್ನು 35 ಕಿಲೋಮೀಟರ್ ಸಾಗಿ ಕಾರವಾರಕ್ಕೇ ಹೋಗಬಹುದು.

ಐದನೆಯ ದಿನ ಕಾಳಿ. ಕಾರವಾರ ಸಮೀಪಿಸುವಾಗ ಅರ್ಗಾ, ಬಿಣಗಾ ಭಾಗದಲ್ಲಿ ನೌಕಾನೆಲೆಯ ಪ್ರದೇಶವಿದೆ. ಅಲ್ಲಿ ಫೋಟೊ ತೆಗೆಯುವುದನ್ನು ನಿಷೇಧಿಸಲಾಗಿದೆ, ದೃಶ್ಯ ಎಷ್ಟೇ ಚೆನ್ನಾಗಿದ್ದರೂ ಗಾಡಿ ನಿಲ್ಲಿಸಬೇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಐಎನ್ಎಸ್ ಚಪಲ್ ಯುದ್ಧನೌಕೆಯ ಸಂಗ್ರಹಾಲಯವನ್ನು ಒಳಹೊಕ್ಕು ನೋಡಿ, ಸಂಜೆ ಸದಾಶಿವಗಡದ ಗುಡ್ಡ ಹತ್ತಿ. ಕಾಳಿ ನದಿ, ಸೇತುವೆ, ಕಡಲು ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಇಲ್ಲಿ ಉಳಿದಿದ್ದ ತರುಣ ರವೀಂದ್ರನಾಥ ಟಾಗೋರರು ಬೆಳದಿಂಗಳಲ್ಲಿ ಇದೇ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿದ್ದರು. ಅವರ ಹೆಸರಿನ ಕಡಲತೀರ ಪೇಟೆಯ ಮಗ್ಗುಲಲ್ಲೇ ಇದೆ.

ಊಟದ ವಿಷಯ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಖಾನಾವಳಿಗಳಲ್ಲಿ ಸಿಗುವ ಸಮುದ್ರದ ಮೀನು ಹೆಚ್ಚಾಗಿ ಮಂಜುಗಡ್ಡೆಯಲ್ಲಿಟ್ಟದ್ದು, ಆದ್ದರಿಂದ ಹೊಳೆಮೀನು ಅಥವಾ ಒಣಮೀನಿನ ಪದಾರ್ಥ ಕೇಳುವುದು ಜಾಣತನ. ಉಳಿದ ತಿಂಗಳಲ್ಲಿ ಇಂಥದ್ದೇ ಮೀನು ಬೇಕೆಂದು ಹಟ ಹಿಡಿಯದೆ ಇವತ್ತು ಬಂದದ್ದು ಯಾವುದು ಎಂದು ಕೇಳಿ. ಬಂಗುಡೆ, ನೊಗ್ಲಿ, ಶೆಟ್ಲಿ ಯಾವುದೇ ಆದರೂ ತಾಜಾ ಇದ್ದದ್ದೇ ರುಚಿ. ಮೀನಿನೂಟ ಬೇಗ ಖಾಲಿಯಾಗುವುದರಿಂದ ಒಂದು ಗಂಟೆಯೊಳಗೆ ಕೂತುಬಿಡುವುದು ಒಳಿತು. ಶಾಕಾಹಾರಿಗಳಿಗೆ ಗೋಕರ್ಣ, ಕುಮಟಾ, ಹೊನ್ನಾವರಗಳಲ್ಲಿ ಕೊರತೆಯೇನೂ ಇಲ್ಲ. ಊಟದ ಕೊನೆಗೆ ಮುರುಗಲು, ತೆಂಗಿನಹಾಲು ಬೆರೆಸಿದ ಸೋಲ್ ಕಡಿಯನ್ನೋ ಮುರುಗಲು ಸಾರನ್ನೋ ಬಿಡಬೇಡಿ, ಈ ಸೆಕೆಗೆ ಅದೇ ಮದ್ದು.

ನೀರಿನ ಎದುರು

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಕಡಲು ಶಾಂತವಾಗಿರುವ ತಿಂಗಳಿನಲ್ಲೇ ಅದು ನಡೆದದ್ದು. ದಡಕ್ಕೆ ಬಡಿದ ಅಲೆಗಳ ನೀರು ಮರಳಿನ ನಡುವಿನ ತಗ್ಗಿನ ಮೂಲಕ ಒಟ್ಟಾಗಿ ರಭಸದಿಂದ ಹಿಂದಕ್ಕೆ ಹೋಗುತ್ತದೆ. ಅಂಥ ಜಾಗದಲ್ಲಿ ಅಲೆ ಕಡಿಮೆ ಇರುವುದರಿಂದ ಅದೇ ಸುರಕ್ಷಿತವೆಂದು ಹೊಸಬರು ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕಿದವರು ದಡದ ಕಡೆ ನೇರವಾಗಿ ಈಜಲು ಹೆಣಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತ ಮುಗಿದ ಮೇಲೆ ದಡದ ಕಡೆ ತಿರುಗಬೇಕು. ಮೊಣಕಾಲಿಗಿಂತ ಆಳಕ್ಕೆ ಹೋಗದಿರುವುದು, ನದಿ ಕಡಲು ಸೇರುವ ಬಾಯಿಯಲ್ಲಿ ಎಂದೂ ನೀರಿಗಿಳಿಯದಿರುವುದು, ಜೀವರಕ್ಷಕರು ಬೇಡವೆಂದ ಕಡೆ ವಾದ ಮಾಡದಿರುವುದು ಎಂಬ ಮೂರು ಮಾತನ್ನು ಗಾಡಿಯಲ್ಲಿರುವ ಎಲ್ಲರಿಗೂ ಹೊರಡುವ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.

ಗಾಡಿ, ಔಷಧ, ಮರಳುವ ದಾರಿ

ಬ್ರೇಕ್, ಟೈರ್, ವೈಪರ್‌ಗಳನ್ನು ಘಟ್ಟ ಇಳಿಯುವ ಮೊದಲೇ ಪರೀಕ್ಷಿಸಿ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ, ಹತ್ತುವಾಗ ಬಳಸುವ ಗೇರಿನಲ್ಲೇ ಇಳಿಯಬೇಕು. ಘಟ್ಟದಲ್ಲಿ ಫೋನಿನ ಸಿಗ್ನಲ್ ಹಲವು ಕಡೆ ಸಿಗದ ಕಾರಣ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಹೆದ್ದಾರಿಯಲ್ಲಿ ಟೋಲ್ ಇರುವುದರಿಂದ ಫಾಸ್ಟ್ಯಾಗ್‌ನಲ್ಲಿ ಹಣವಿರಲಿ, ಅಡ್ಡದಾರಿಯ ಸಣ್ಣ ಅಂಗಡಿ ಮತ್ತು ದೋಣಿಗಳಿಗಾಗಿ ಚಿಲ್ಲರೆ ನೋಟುಗಳಿರಲಿ. ಹೆದ್ದಾರಿಯ ನೆರವಿಗೆ 1033, ಪೊಲೀಸ್ ಮತ್ತಿತರ ತುರ್ತಿಗೆ 112, ಆಂಬುಲೆನ್ಸಿಗೆ 108. ತಾಲ್ಲೂಕು ಆಸ್ಪತ್ರೆಗಳು ಎಲ್ಲ ಊರಿನಲ್ಲೂ ಇವೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಆದರೆ ಜಿಲ್ಲೆಯ ಜನ ಬಹುಕಾಲದಿಂದ ಕೇಳುತ್ತಿರುವ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕೊರತೆಯಿಂದಾಗಿ ಗಂಭೀರ ಸ್ಥಿತಿಯ ರೋಗಿಗಳನ್ನು ಮಣಿಪಾಲ, ಮಂಗಳೂರು, ಗೋವಾ ಅಥವಾ ಹುಬ್ಬಳ್ಳಿಗೆ ಒಯ್ಯಬೇಕಾಗುತ್ತದೆ. ಹೃದಯದ ತೊಂದರೆಯಿರುವ ಹಿರಿಯರನ್ನು ಕರೆತರುವವರು ವೈದ್ಯರ ಚೀಟಿ ಮತ್ತು ವಾರಕ್ಕೆ ಸಾಲುವ ಔಷಧವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಮರಳುವ ದಿನ ಕಾರವಾರದಿಂದ ಮಧ್ಯಾಹ್ನದ ಊಟ ಮುಗಿಸಿ ಎರಡು ಗಂಟೆಯೊಳಗೆ ಹೊರಡಿ. ಅಂಕೋಲೆಯಿಂದ ಯಲ್ಲಾಪುರದ ಕಡೆ ಏರುವ ಅರಬೈಲು ಘಟ್ಟದಲ್ಲಿ ಹುಬ್ಬಳ್ಳಿಯ ದಾರಿಯ ಭಾರದ ಲಾರಿಗಳು ಹಗಲೂ ರಾತ್ರಿ ಸಾಲುಗಟ್ಟಿರುತ್ತವೆ, ತಿರುವಿನಲ್ಲಿ ಅವನ್ನು ಹಿಂದಿಕ್ಕುವ ಆತುರ ಬೇಡ. ಬೆಳಕಿರುವಾಗಲೇ ಘಟ್ಟ ಹತ್ತಿ ಯಲ್ಲಾಪುರ ಸೇರಿದರೆ, ಅಲ್ಲಿ ಚಹಾ ಕುಡಿದು ಶಿರಸಿಯ ದಾರಿ ಹಿಡಿಯುವವರಿಗೆ ಉಳಿಯುವುದು ಕಾಡಿನ ನಡುವಿನ ಸುಮಾರು 50 ಕಿಲೋಮೀಟರ್ ಮಾತ್ರ.